ಹಿಂದೆ ಹಿಡಿಯುವವರ ಪೆಟ್ಟಿಗೆ

ಬಹಳ ದಿನ ಮುಚ್ಚಿಟ್ಟ ಆಂಪ್ಲಿಫೈಯರ್ ಹಚ್ಚಿದಾಗ ಒಂದು ವಾಸನೆ ಬರುತ್ತದೆ, ನಿಮಗೂ ಗೊತ್ತಿರಬಹುದು. ಒಳಗೆ ಕೂತ ಧೂಳು ಬಿಸಿಯಾಗಿ, ಹಳೆಯ ಕಂಬಳಿಯನ್ನು ಒಲೆಯ ಹತ್ತಿರ ಹಿಡಿದಂಥ ವಾಸನೆ. ಮೊನ್ನೆ ಚನ್ನಗಿರಿಯಲ್ಲಿ ನಾನು ಕೆಲಸ ಮಾಡುವ ಮೊಬೈಲ್ ಅಂಗಡಿಗೆ ಯಾರೋ ಒಂದು ಹಳೆಯ ಸೆಟ್ ತಂದಿಟ್ಟರು. ಸ್ವಿಚ್ ಒತ್ತಿದೆ, ಆ ವಾಸನೆ ಬಂತು. ನಡುಮಧ್ಯಾಹ್ನ, ಎದುರಿಗೆ ಶಿವಮೊಗ್ಗದ ಬಸ್ಸಿನ ಗದ್ದಲ, ಆದರೂ ನಾನು ತಿರುಗಿ ನೋಡಿದೆ. ಹಿಂದೆ ಚಾರ್ಜರುಗಳು ನೇತಾಡುತ್ತಿದ್ದವು, ಅಷ್ಟೇ. ಯಾಕೆ ನೋಡಿದೆ ಎಂದು ಹೇಳಬೇಕಾದರೆ ಬಿಳಿಚೋಡಿಗೆ ಹೋಗಬೇಕು. ಬನ್ನಿ, ಹೋಗೋಣ. ದಾರಿಯಲ್ಲಿ ಸ್ವಲ್ಪ ಸುತ್ತಿಸುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನನಗೆ ಹಾಡು ಕೇಳುವ ಹುಚ್ಚಿಗಿಂತ ಹಾಡನ್ನು ಗಾಳಿಯಲ್ಲಿ ಸಾಗಿಸುವ ಹುಚ್ಚು ಹೆಚ್ಚು. ಕಂಪ್ಯೂಟರ್ ಒಂದು ಮೂಲೆಯಲ್ಲಿ, ಹಾಡು ಇನ್ನೊಂದು ಮೂಲೆಯಲ್ಲಿ, ನಡುವೆ ತಂತಿಯೇ ಇಲ್ಲ. ಇದಕ್ಕೆಂದೇ ಅಂಗಡಿಯಲ್ಲಿ ಚೆಂದದ ಸ್ಪೀಕರುಗಳು ಸಿಗುತ್ತವೆ. ಅವುಗಳ ಬೆಲೆ ಕೇಳಿದರೆ ಹಾಡೇ ಮರೆತುಹೋಗುತ್ತದೆ. ಹಾಗಾಗಿ ನಾನು ಬೇಡವಾದ ಸಾಮಾನುಗಳ ದಾರಿ ಹಿಡಿದೆ. ಯಾರೋ ಬಿಟ್ಟುಹೋದ ಲ್ಯಾಪ್‌ಟಾಪ್; ಅದರ ಸ್ವಂತ ಗಂಟಲು ಯಾವತ್ತೋ ಸತ್ತಿತ್ತು. ಹೊನ್ನಾಳಿಯಲ್ಲಿ ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡುವವರು ಮೂಲೆಗೆಸೆದಿದ್ದ ಒಂದು ಪೆಟ್ಟಿಗೆ. ಇಲಿ ಕಡಿದಿದ್ದ ಅದರ ಮುಖಕ್ಕೆ ಅವ್ವನ ಹಳೆ ಸೀರೆಯ ತುಂಡು ಹೊಲಿದೆ. ಬೆಂಕಿಪೊಟ್ಟಣದಷ್ಟು ಚಿಕ್ಕ ಬ್ಲೂಟೂತ್ ಬೋರ್ಡು. ಇದನ್ನೆಲ್ಲ ನನಗೆ ಯಾರೂ ಕಲಿಸಿಲ್ಲ. ವಿಡಿಯೊ ನೋಡಿ, ಬೆರಳು ಸುಟ್ಟುಕೊಂಡು, ಮತ್ತೆ ವಿಡಿಯೊ ನೋಡಿ ಕಲಿತವನು. ಮೊದಲ ಸಲ ಹಚ್ಚಿದಾಗ ಹಾಡಿನ ಬದಲು ಹೊಗೆ ಬಂತು. ಕೆಳಗಿನಿಂದ ಮನೆ ಮಾಲೀಕರು, "ಏನ್ರೀ ಅದು, ಒಗ್ಗರಣೆ ಹಾಕಾಕೆ ಹತ್ತೀರೇನು?" ಎಂದು ಕೂಗಿದ್ದರು.

ಈ ಬ್ಲೂಟೂತಿಗೆ ಒಂದು ಗುಣವಿದೆ. ಅದಕ್ಕೆ ಮನುಷ್ಯರೆಂದರೆ ಆಗದು. ಕಂಪ್ಯೂಟರಿಗೂ ಪೆಟ್ಟಿಗೆಗೂ ನಡುವೆ ಯಾರಾದರೂ ಹಾದುಹೋದರೆ ಹಾಡು ಒಂದು ಕ್ಷಣ ತಡವರಿಸುತ್ತದೆ. ನಮ್ಮ ಮೈಯೊಳಗಿನ ನೀರು ಆ ಅಲೆಗಳನ್ನು ಹೀರಿಬಿಡುತ್ತದಂತೆ. ಇದನ್ನು ತಿಳಿದ ದಿನ ಸ್ನೇಹಿತರ ಮುಂದೆ ಜಂಬ ಕೊಚ್ಚಿದ್ದೆ: ಕಣ್ಣು ಮುಚ್ಚಿಕೊಂಡೇ ಕೋಣೆಯಲ್ಲಿ ಯಾರಾದರೂ ಓಡಾಡಿದ್ದನ್ನು ಹೇಳಬಲ್ಲೆ, ಹಾಡೇ ಚಾಡಿ ಹೇಳುತ್ತದೆ ಎಂದು.

ಇನ್ನು ಹಾಲಮ್ಮತ್ತೆ. ನಮ್ಮಪ್ಪನ ತಂಗಿ. ಜಗಳೂರು ತಾಲ್ಲೂಕಿನ ಬಿಳಿಚೋಡಿನಲ್ಲಿ ಮದುವೆ ಮುಂಜಿಗಳಿಗೆ ಜೋಳದ ರೊಟ್ಟಿ ಬಡಿದುಕೊಡುತ್ತಾಳೆ. ಮಗಳು ರೇಣುಕ ಅದೇ ಮನೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಾಳೆ. ಅತ್ತೆಯ ಗಂಡ ತಿಪ್ಪೇಸ್ವಾಮಿ ಮಾವ ಊರಿನ ಭಜನೆಗೆ ಮುಂದಾಳು. ಪ್ರತಿ ಸೋಮವಾರ ದೀಪ ಹಚ್ಚುವ ಹೊತ್ತಿಗೆ ಗಂಡಸರು ಅವರ ಪಡಸಾಲೆಯಲ್ಲಿ ಸೇರುತ್ತಿದ್ದರು. ಮಾವ ಒಂದು ಸಾಲು ಮುಂದೆ ಹೇಳುವುದು, ಉಳಿದವರು ಅದನ್ನೇ ಹಿಂದೆ ಹಿಡಿಯುವುದು. ಹಾಡುಗಳನ್ನು ಯಾರೂ ಬರೆದಿಟ್ಟಿರಲಿಲ್ಲ, ಎಲ್ಲ ಮಾವನ ಬಾಯಲ್ಲೇ. ಒಂದು ಬೇಸಿಗೆಯಲ್ಲಿ ಮಾವ ಹೋದರು. ಪಡಸಾಲೆ ಸುಮ್ಮನಾಯಿತು.

ಕೆಲವು ತಿಂಗಳಾದ ಮೇಲೆ, ತಾಳ ಹಾಕುವ ಓಬಜ್ಜ ಬಂದು ಅತ್ತೆಗೆ ಹೇಳಿದನಂತೆ: "ಹಾಲಮ್ಮ, ಮುಂದೆ ಹೇಳೋರೇ ಇಲ್ಲ ಅಂದ್ಮ್ಯಾಲೆ ಹಿಂದೆ ಹಿಡಿಯೋರು ಬಾಯಿ ಕಳಕಂಡು ಕುಂತ್ಕಳಾದೇನು? ಹಾರ್ಮೋನಿಯಂ, ತಾಳ ಎಲ್ಲ ಪಕ್ಕದೂರ ಮೇಳಕ್ಕೆ ಕೊಟ್ಟುಬಿಡಾನ. ಬರೋ ಸೋಮವಾರ ಬಂದು ಒಯ್ತೀವಿ."

ಅತ್ತೆಗೆ ಬೇಕಾಗಿದ್ದುದು ಒಂದೇ, ಭಜನೆ ಆ ಮನೆ ಬಿಟ್ಟು ಹೋಗಬಾರದು. ನನಗೆ ಫೋನು ಮಾಡಿದಳು. "ಪೆನ್‌ಡ್ರೈವಿನಾಗೆ ಅವರ ಹಾಡು ಐತಪ್ಪ. ಹೋದ ವರ್ಷ ಶ್ರಾವಣದಾಗೆ ಸೌಂಡಿನೋರು ಹಿಡಕೊಟ್ಟಿದ್ರು. ಮನೆಯಾಗೆ ಕೇಳಂಗೆ ಮಾಡಿಕೊಡು. ಕೇಳಿ ಕೇಳಿ ಯಾರಾರ ಕಲ್ತಾರು."

ಪೆಟ್ಟಿಗೆಯನ್ನು ಗೋಣಿಚೀಲಕ್ಕೆ ತುಂಬಿ ಬಸ್ಸು ಹತ್ತಿದೆ. ಕಂಡಕ್ಟರು ಚೀಲ ತಟ್ಟಿ, "ಏನ್ರಿ ಇದರಾಗೆ, ಕುರಿಮರಿನಾ?" ಅಂದ. "ಹಾಡು ಐತೆ ರೀ" ಅಂದೆ. "ಹಂಗಾದ್ರೆ ಅದಕ್ಕೂ ಒಂದು ಟಿಕೆಟ್ ತಗಳ್ರಿ" ಅಂದ.

ಮಾವನದೇ ಒಂದು ಹಳೆಯ ಆಂಪ್ಲಿಫೈಯರ್ ಪಡಸಾಲೆಯ ಗೂಡಿನಲ್ಲಿತ್ತು. ಅದನ್ನು ಪೆಟ್ಟಿಗೆಗೆ ಜೋಡಿಸಿ ಹಚ್ಚಿದಾಗ ಬಂದದ್ದೇ ಆ ವಾಸನೆ. ಪೆಟ್ಟಿಗೆಯನ್ನು ಅಡುಗೆಮನೆ ಬಾಗಿಲ ಪಕ್ಕ, ಮಾವ ಯಾವಾಗಲೂ ಕೂರುತ್ತಿದ್ದ ಜಾಗದಲ್ಲೇ ಇಟ್ಟೆ. ಲ್ಯಾಪ್‌ಟಾಪನ್ನು ತಲೆಬಾಗಿಲ ಹತ್ತಿರ ಇಟ್ಟು ಗುಂಡಿ ಒತ್ತಿದೆ. ಮೊದಲು ತಾಳ, ಆಮೇಲೆ ಹಾರ್ಮೋನಿಯಂ. ಇನ್ನು ಮಾವನ ದನಿ ಬರಬೇಕು. ಬರಲಿಲ್ಲ. ತಾಳ ತನ್ನಷ್ಟಕ್ಕೆ ಬಡಿದುಕೊಂಡಿತ್ತು. ಕಿವಿಯಿಟ್ಟು ಕೇಳಿದರೆ ಬಾವಿಯ ತಳದಲ್ಲಿ ಯಾರೋ ಮಾತಾಡಿದಂಥ ಗುಂಯ್ ಸದ್ದು, ಅದೂ ನನ್ನ ಭ್ರಮೆಯಿರಬಹುದು. ಆಮೇಲೆ ಇದ್ದಕ್ಕಿದ್ದಂತೆ ಗಂಡಸರೆಲ್ಲ ಒಂದೇ ಕೊರಳಲ್ಲಿ:

"ದೀಪ ಹಚ್ಚೋ ಹೊತ್ತಿಗೆ ಬಂದೋರು ಯಾರಮ್ಮಾ..."

ಮತ್ತೆ ಖಾಲಿ. ಮತ್ತೆ ತಾಳ. ಮತ್ತೆ ಅವರು:

"ಬಾಗಿಲು ತೆಗೆದೋರು ಯಾರಮ್ಮಾ..."

ಯಾರೂ ಹೇಳಿಕೊಡದ ಸಾಲನ್ನು ಅಷ್ಟು ಜನ ಒಟ್ಟಿಗೆ ತಿರುಗಿ ಹೇಳುತ್ತಿದ್ದರು. ಹೊರಗೆ ಸುಡುವ ಬಿಸಿಲು, ನನ್ನ ತೋಳಿನ ಮೇಲೆ ಮುಳ್ಳು. ರೇಣುಕ ಹೊಲಿಗೆ ನಿಲ್ಲಿಸಿ, "ಏನು ಮಾಡಿದ್ರಿ ಇಂಜಿನಿಯರ್ ಸಾಹೇಬ್ರೇ? ಎಲ್ಲಾರನ್ನೂ ಕರಕಂಡು ಬಂದು ನಮ್ಮಪ್ಪನ್ನೊಬ್ಬನ್ನ..." ಎಂದು ನಗುತ್ತಾ ಶುರು ಮಾಡಿದವಳು ಅರ್ಧಕ್ಕೇ ಬಿಟ್ಟಳು. ಅತ್ತೆ ಮಾತ್ರ ರೊಟ್ಟಿ ತಿರುವಿಹಾಕುತ್ತಾ ಹೇಳಿದಳು:

"ಅವರು ತಮ್ಮ ದನಿ ತಗಂಡೇ ಹೋಗ್ಯಾರೆ."

ಬೇರೆ ಹಾಡುಗಳನ್ನು ಹಾಕಿದೆ. ಎಲ್ಲದರಲ್ಲೂ ಅದೇ. ಪೆನ್‌ಡ್ರೈವ್ ಊದಿದೆ, ತಂತಿ ಅಲುಗಿಸಿದೆ, ಗೊತ್ತಿದ್ದ ವಿದ್ಯೆಯನ್ನೆಲ್ಲ ಖರ್ಚು ಮಾಡಿದೆ. ಇಷ್ಟರ ನಡುವೆ ಹಾಡು ಒಮ್ಮೆ ತಡವರಿಸಿತು. ಯಾರೋ ನಡುವೆ ಹಾದುಹೋದಾಗ ಆಗುತ್ತದಲ್ಲ, ಹಾಗೆ. ಅತ್ತೆ ಒಲೆಯ ಮುಂದಿದ್ದಳು, ರೇಣುಕ ಯಂತ್ರದ ಮುಂದೆ, ನಾನು ಲ್ಯಾಪ್‌ಟಾಪಿನ ಹಿಂದೆ. ಪಡಸಾಲೆ ಬರಿದಾಗಿತ್ತು. ಬ್ಲೂಟೂತ್ ತಡವರಿಸಲು ಇನ್ನೂ ಹಲವು ಕಾರಣಗಳಿರುತ್ತವೆ, ನಿಮಗೆ ಬೇಕಾದರೆ ಹೇಳುತ್ತೇನೆ. ಆಗ ಮಾತ್ರ ಒಂದೂ ನೆನಪಾಗಲಿಲ್ಲ.

"ನೀರು ಕುಡಿಯಾಕೆ ಎದ್ದಿರಬೇಕು ಬಿಡು," ಅಂದಳು ಅತ್ತೆ, ತಲೆ ಎತ್ತದೆ. "ಹಾಡಿನ ನಡುವೆ ಎದ್ದು ಹೋಗೋದು ಅವರ ಚಾಳಿ."

ಆ ದಿನ ಅಲ್ಲೇ ಉಳಿದೆ. ಮರುದಿನ ಹೊರಡುವ ಮುಂಚೆ ಕಟ್ಟೆಯ ಮೇಲೆ ಕೂತು ಚೀಲ ಕಟ್ಟುತ್ತಿದ್ದಾಗ, ಒಳಗೆ ರೇಣುಕ ಗುಂಡಿ ಒತ್ತಿರಬೇಕು, ಹಾಡು ಶುರುವಾಯಿತು. ತಾಳದ ಜೊತೆಗೆ ಇನ್ನೊಂದು ಸದ್ದು, ಅತ್ತೆ ರೊಟ್ಟಿ ಬಡಿಯುವ ಸದ್ದು, ಸರಿಯಾಗಿ ತಾಳಕ್ಕೇ ಬೀಳುತ್ತಿತ್ತು. ಆಮೇಲೆ ಆ ಖಾಲಿ ಜಾಗ ಬಂತು. ಅದರೊಳಗೆ ಒಂದು ಹೆಣ್ಣು ದನಿ, ಮೆಲ್ಲಗೆ, ಗಂಟಲು ಸರಿಮಾಡಿಕೊಳ್ಳುತ್ತಾ, "ದೀಪ ಹಚ್ಚೋ ಹೊತ್ತಿಗೆ ಬಂದೋರು ಯಾರಮ್ಮಾ." ಗಂಡಸರು ಹಿಂದೆ ಹಿಡಿದರು. ಅದೇ ಪೆಟ್ಟಿಗೆ, ಅದೇ ಹಾಡು. ಆದರೆ ನಿನ್ನೆ ಯಾರಿಗೂ ಅಲ್ಲದೆ ಹಾಡುತ್ತಿದ್ದವರು ಇವತ್ತು ಅತ್ತೆಯ ಮಾತು ಕೇಳಿಸಿಕೊಂಡು ಹಾಡುತ್ತಿದ್ದಂತಿತ್ತು.

ಬೀದಿಯಲ್ಲಿ ಹೋಗುತ್ತಿದ್ದ ಮುದುಕಿಯೊಬ್ಬಳು ನಿಂತು, ಹೊಸ್ತಿಲ ಹೊರಗೆಲ್ಲ ಕಣ್ಣಾಡಿಸಿ, ನನ್ನನ್ನು ಕೇಳಿದಳು: "ಭಜನೆ ಮಂದಿ ಬಂದಾರೇನಪ್ಪ? ಒಬ್ಬರ ಚಪ್ಪಲಿನೂ ಕಾಣವಲ್ಲವು."

ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಚನ್ನಗಿರಿಗೆ ಬಂದ ಮೇಲೂ ಅದೇ ತಲೆಯಲ್ಲಿತ್ತು. ಹಾಡುಗಳನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡಿದ್ದೆ. ಅಂಗಡಿಯಲ್ಲಿ ಗಿರಾಕಿಗಳಿಲ್ಲದಾಗ, ನ್ಯಾಮತಿಯ ಗೆಳೆಯನೊಬ್ಬ ರಿಪೇರಿಗೆ ಕೊಟ್ಟಿದ್ದ ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಬಲಗಿವಿಯಲ್ಲಿ ಗಂಡಸರು. ಎಡಗಿವಿಯಲ್ಲಿ, ಹತ್ತಿರ, ಗಟ್ಟಿಯಾಗಿ, ತಿಪ್ಪೇಸ್ವಾಮಿ ಮಾವ.

ನಗಬೇಡಿ. ಸೌಂಡಿನವರು ಎರಡು ಮೈಕು ಇಟ್ಟಿದ್ದರು. ಮಾವನದು ಎಡಕ್ಕೆ, ಹಿಂದೆ ಹಿಡಿಯುವವರದು ಬಲಕ್ಕೆ. ನಾನು ಒಂದೇ ಪೆಟ್ಟಿಗೆಯಲ್ಲಿ ಮುಗಿಸಲು ಹೋಗಿ ಬಲದ ತಂತಿಯನ್ನಷ್ಟೇ ಜೋಡಿಸಿ, ಎಡದ್ದಕ್ಕೆ ಟೇಪು ಸುತ್ತಿ ಬಿಟ್ಟಿದ್ದೆ. ಅದುವರೆಗೆ ಹಾಕಿದ್ದ ಸಿನಿಮಾ ಹಾಡುಗಳಲ್ಲಿ ಹಾಡುವವರ ದನಿ ಎರಡೂ ಕಡೆ ಇರುತ್ತದಾದ್ದರಿಂದ ಕೊರತೆ ಗೊತ್ತೇ ಆಗಿರಲಿಲ್ಲ. ಸತ್ತವರು ದನಿ ತೆಗೆದುಕೊಂಡು ಹೋಗಿರಲಿಲ್ಲ, ಅದು ನನ್ನ ಟೇಪಿನೊಳಗೆ ಸಿಕ್ಕಿಕೊಂಡಿತ್ತು. ಹಾಯೆನಿಸಿ ಕಣ್ಣು ಮುಚ್ಚಿ ಕೇಳುತ್ತಾ ಕೂತೆ. ಆಗಲೇ ಎಡಗಿವಿಯಲ್ಲಿ ಇನ್ನೊಂದು ಸದ್ದು. ಮಾವ ಪ್ರತಿ ಸಾಲು ಎತ್ತುವ ಮುಂಚೆ, ಒಬ್ಬ ಹೆಂಗಸು ಅದರ ಮೊದಲ ಪದವನ್ನು ಪಿಸುಗುಟ್ಟುತ್ತಿದ್ದಳು. ಎಷ್ಟು ಹತ್ತಿರವೆಂದರೆ ನನ್ನ ಕುರ್ಚಿಯ ಹಿಂದೆಯೇ ಬಗ್ಗಿ ನಿಂತಂತೆ. ಹೆಡ್‌ಫೋನ್ ಕಿತ್ತು ತಿರುಗಿ ನೋಡಿದೆ.

ಭಾನುವಾರ ಇನ್ನೊಂದು ಪೆಟ್ಟಿಗೆ ಹೊತ್ತುಕೊಂಡು ಬಿಳಿಚೋಡಿಗೆ ಹೋದೆ. ಎರಡೂ ತಂತಿ ಜೋಡಿಸಿದೆ. ಮಾವನ ದನಿ ಪಡಸಾಲೆ ತುಂಬಿತು. ರೇಣುಕ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಅವಳೂ ಕೇಳಿಸಿಕೊಂಡಳು.

"ಅವ್ವಾ, ಮೊದಲಿಗೆ ಅಂತೈತಲ್ಲ, ಅದು ನಿನ್ನ ದನಿ ಅಲ್ಲೇನೆ?"

ಅತ್ತೆ ನಾಚಿಕೊಂಡಳು. "ಅವರಿಗೆ ಸಾಲಿನ ಮೊದಲು ಮರೆಯೋದು. ಒಂದು ಮಾತು ಕೊಟ್ರೆ ಸಾಕು, ಉಳಿದಿದ್ದು ನೀರು ಹರಿದಂಗೆ ಬರ್ತಿತ್ತು. ನಾನು ಬಾಗಿಲ ಮರೆಯಾಗೆ ರೊಟ್ಟಿ ಬಡಿತಾ ಅಂದಿರ್ತೀನಿ."

"ಪ್ರತಿ ಸೋಮವಾರನಾ?"

"ಮತ್ತೆ? ಅವರು ಕುಂತ್ಕಂತಿದ್ದ ಜಾಗ ನೋಡಿದ್ರೆ ಗೊತ್ತಾಗಲ್ವೇನು?"

ಹಾಡುಗಳು ಎಲ್ಲಿದ್ದವು ಎಂದು ಆಗ ಗೊತ್ತಾಯಿತು. ಅತ್ತೆ ಹಾಡು ಮುಗಿಯುವವರೆಗೆ ಗಂಡನ ದನಿ ಬರುತ್ತಿದ್ದ ಪೆಟ್ಟಿಗೆಯನ್ನೇ ನೋಡುತ್ತಾ ಕೂತಿದ್ದಳು. ನಾಳೆ ಓಬಜ್ಜ ಬರುವ ಹೊತ್ತಿಗೆ ಎರಡನ್ನೂ ಹಾಕಿಡಲೇ ಎಂದು ಕೇಳಿದೆ. ತಲೆಯಾಡಿಸಿದಳು. "ಬ್ಯಾಡ. ಅವರದ್ದು ತೆಗಿ. ಅವರು ಹೇಳಿದ್ದು ಆತು, ಇನ್ನು ಕುಂತು ಕೇಳ್ಲಿ."

ಸೋಮವಾರ ಸಂಜೆ ಓಬಜ್ಜ ಮೂರ್ನಾಲ್ಕು ಜನರ ಜೊತೆ ಬಂದ. ಹಾರ್ಮೋನಿಯಂ ಹೊರಲು ಗಾಡಿಯನ್ನೂ ತಂದಿದ್ದ. ಅತ್ತೆ ಕೈಗಂಟಿದ ಹಿಟ್ಟು ತೊಳೆದು, ಪಡಸಾಲೆಗೆ ಬಂದು, ಬಾಗಿಲ ಪಕ್ಕ ಕೂತಳು.

"ನಾನು ಮುಂದೆ ಹೇಳ್ತೀನಿ," ಅಂದಳು.

ಓಬಜ್ಜ ನಿಂತೇ ಇದ್ದ. "ನಮ್ಮ ಮೇಳದಾಗೆ ಹೆಂಗಸ್ರು ಮುಂದೆ ಹೇಳಿದ್ದು ಎಲ್ಲೈತೆ ಹಾಲಮ್ಮ? ರೊಟ್ಟಿ ಬಡಿಯೋದು ಅನ್ಕಂಡೀಯೇನು ಇದನ್ನ?"

ಅತ್ತೆ ನನ್ನ ಕಡೆ ನೋಡಿದಳು. ಗುಂಡಿ ಒತ್ತಿದೆ. ತಾಳ ಬಂತು, ಖಾಲಿ ಜಾಗ ಬಂತು, ಅತ್ತೆ ಅದರೊಳಗೆ ತನ್ನ ಸಾಲು ಹೇಳಿದಳು. ಪೆಟ್ಟಿಗೆಯೊಳಗಿನ ಗಂಡಸರು ಒಂದು ಚೂರೂ ತಡಮಾಡದೆ ಹಿಂದೆ ಹಿಡಿದರು. ಓಬಜ್ಜನ ಮುಖ ನೋಡಬೇಕಿತ್ತು ನೀವು. ಮೊದಲು ತನ್ನದೇ ಹಳೆಯ ದನಿ ಕೇಳಿ ಬೆಚ್ಚಿದ. ಆಮೇಲೆ ಪೆಟ್ಟಿಗೆಯ ಹತ್ತಿರ ಬಂದು ಬಗ್ಗಿದ.

"ಇದು ನಮ್ಮ ಈರಣ್ಣ," ಅಂದ. "ಕೊನೆಗೆ ಎಳೀತಾನಲ್ಲ, ಅದು ಈರಣ್ಣ."

ಈರಣ್ಣ ಅವನ ಜೊತೆಗಾರ, ಮಾವನಿಗಿಂತ ಮೊದಲೇ ಹೋದವನು. ಅತ್ತೆ ಎರಡನೆಯ ಸಾಲು ಹೇಳಿದಳು. ಈರಣ್ಣ ಎಳೆದು ಹಿಡಿದ. ಮೂರನೆಯ ಸಾಲಿಗೆ ಓಬಜ್ಜ ನೆಲಕ್ಕೆ ಕೂತು, ಕಣ್ಣು ಮುಚ್ಚಿ, ತಾನೂ ಹಿಡಿದ. ಬಂದವರು ಒಬ್ಬೊಬ್ಬರಾಗಿ ಸೇರಿಕೊಂಡರು. ಯಾವ ದನಿ ಪೆಟ್ಟಿಗೆಯದು, ಯಾವುದು ಕೂತವರದು ಎಂದು ನನಗೆ ಬೇರ್ಪಡಿಸಲಾಗಲಿಲ್ಲ. ಹಾಡು ಮುಗಿದಾಗ ಯಾರೂ ಯಾರ ಮುಖವನ್ನೂ ನೋಡಲಿಲ್ಲ.

"ಈರಣ್ಣನೇ ಹಿಡಿದ ಮ್ಯಾಲೆ," ಅಂದ ಓಬಜ್ಜ, ಕೆಮ್ಮುತ್ತಾ, "ನಾನು ಬಿಡಾಕೆ ಬರ್ತೈತೇನು?"

ಗಾಡಿ ಖಾಲಿಯೇ ಹೋಯಿತು.

ಈಗ ಪೆಟ್ಟಿಗೆ ಬೇಕಾಗುವುದಿಲ್ಲ. ಅತ್ತೆ ಹೇಳುತ್ತಾಳೆ, ಇದ್ದವರು ಹಿಡಿಯುತ್ತಾರೆ, ಹೊಸದಾಗಿ ಇಬ್ಬರು ಹುಡುಗಿಯರೂ ಬರುತ್ತಾರೆ. ಈ ಸೋಮವಾರ ನಾನೂ ಹೋಗಿದ್ದೆ. ತಂತಿಗಳ ಗೊಡವೆಯಿಲ್ಲದೆ, ಮೊದಲ ಸಲ ಹಿಂದೆ ಹಿಡಿಯುವವರ ಸಾಲಿನಲ್ಲಿ ಓಬಜ್ಜನ ಪಕ್ಕ ಕೂತೆ. ನನ್ನ ದನಿ ಕೇಳಿ ರೇಣುಕ ಸೆರಗು ಬಾಯಿಗೆ ಒತ್ತಿಕೊಂಡಳು. ಹಾಡುತ್ತಾ ಹಾಡುತ್ತಾ ಒಂದು ವಿಷಯ ಗಮನಿಸಿದೆ. ನಾವು ಹಿಡಿದು ಮುಗಿಸಿದ ಮೇಲೂ ಅತ್ತೆ ಕೂಡಲೇ ಮುಂದಿನ ಸಾಲು ಎತ್ತುವುದಿಲ್ಲ. ಒಂದು ಉಸಿರಿನಷ್ಟು ತಡೆಯುತ್ತಾಳೆ. ಆ ಉಸಿರಿನಲ್ಲಿ ಪಡಸಾಲೆಯಲ್ಲಿ ಏನೂ ಕೇಳುವುದಿಲ್ಲ. ತಾಳ ಕೂಡ ನಿಂತಿರುತ್ತದೆ.

"ಓಬಜ್ಜ," ಕಿವಿಯಲ್ಲಿ ಕೇಳಿದೆ, "ಅತ್ತೆ ಯಾಕೆ ಅಷ್ಟೊತ್ತು ತಡೀತಾಳೆ? ಮರೀತೈತೇನು?"

ಓಬಜ್ಜ ಕಣ್ಣು ತೆರೆಯದೆ ನನ್ನ ತೊಡೆಯ ಮೇಲೆ ಕೈಯಿಟ್ಟ.

"ಸುಮ್ಕಿರು. ಈರಣ್ಣನೋರು ಇನ್ನೂ ಮುಗಿಸಿಲ್ಲ."