ಅತ್ತಿಗೆಯ ಬೆರಳಿಗೆ ಬಗ್ಗಿದ ಹಾಡುಪೆಟ್ಟಿಗೆ

ನಮ್ಮ ಅತ್ತಿಗೆಗೆ ಹುಟ್ಟಿನಿಂದ ಕಣ್ಣು ಕಾಣದು. ಕಿವಿಯೋ, ಆಚೆ ಬೀದಿಯ ಇರುವೆಗೆ ನೆಗಡಿಯಾದರೆ ಇಲ್ಲಿಂದಲೇ ಮದ್ದು ಹೇಳುವಂಥದ್ದು. ಹಗಲೆಲ್ಲ ಬೆತ್ತದ ಕುರ್ಚಿ ಹೆಣೆದು, ಸಂಜೆ ಕೈ ತೊಳೆದು ಕೂತರೆ ಹಾಡು ಬೇಕೇ ಬೇಕು.

ಹಳೆಯ ಪ್ಲೇಯರ್ ಕೈಕೊಟ್ಟಾಗ ಅಣ್ಣ ಹೊಸದಾಗಿ, ಹಾಡಿನ ಸಣ್ಣ ಸದ್ದನ್ನೂ ಬಿಡದೆ ಕೇಳಿಸುವ ಹೈ ರೆಸಲ್ಯೂಷನ್ ಪ್ಲೇಯರ್ ತಂದ. ಸ್ವರವೇನೋ ಬೆಣ್ಣೆ. ಆದರೆ ಮೈಯೆಲ್ಲ ನುಣ್ಣನೆಯ ಗಾಜು, ಹೆಸರಿಗೂ ಒಂದು ಗುಂಡಿಯಿಲ್ಲ. ಅಣ್ಣ ಗಾಜಿನ ಮೇಲೆ ಅಂಟಿನ ಬೊಟ್ಟುಗಳನ್ನಿಟ್ಟು, ಮಹಾ ಉಪಾಯ ಮಾಡಿದೆನೆಂದು ಬೀಗಿದ. ಬೊಟ್ಟು ಎಲ್ಲಿದೆಯೆಂದು ಅತ್ತಿಗೆ ತಡವಿದರೆ, ಒತ್ತಿದರೆಂದೇ ತಿಳಿದು ಅದು ಹಾಡು ನಿಲ್ಲಿಸುತ್ತಿತ್ತು, ಇಲ್ಲವೇ ಇನ್ನೊಂದಕ್ಕೆ ಹಾರುತ್ತಿತ್ತು. ಒಮ್ಮೆಯಂತೂ ಹೇಗೆ ಕಿರುಚಿತೆಂದರೆ, ಪಕ್ಕದ ಮನೆಯ ಗೋಡೆ ಬಣ್ಣ ಕಳಚಿ ನಿಂತಿತು.

"ನೀನ್ಯಾಕೆ ತಡಕಾಡ್ತೀಯೆ? ನನ್ನ ಕೂಗು, ಹಾಕಿಕೊಡ್ತೀನಿ" ಅಂದ ಅಣ್ಣ.

"ನಿಮ್ಮನ್ನ ಕೂಗೀ ಕೂಗೀ ಗಂಟಲು ಸವೀತು. ನನ್ನ ಹಾಡು ನಾನೇ ಹಾಕ್ಕೋಬೇಕು. ಆಗಲ್ಲಾಂದ್ರೆ ಈ ಮನೇಲಿ ಹಾಡೇ ಬೇಡ."

ಮರುದಿನ ಅದನ್ನು ಕೊಂಡ ಅಂಗಡಿಗೆ ಹೊರಟೆವು: ಅತ್ತಿಗೆ ಮುಂದೆ, ಗಾಜಿನ ಪೆಟ್ಟಿಗೆ ಹೊತ್ತ ಅಣ್ಣ ಹಿಂದೆ, ತಮಾಷೆ ನೋಡಲು ನಾನು. ಅಂಗಡಿಯವನು ಅಣ್ಣನನ್ನು ಕೇಳಿದ: "ಅವರಿಗೆ ಎಂಥದ್ದು ಬೇಕಂತೆ ಸಾರ್?"

"ಅವರು ಇಲ್ಲೇ ನಿಂತಿದಾರಪ್ಪ. ಬಾಯಿ ಮನೇಲಿ ಬಿಟ್ಟು ಬಂದಿಲ್ಲ" ಅಂದರು ಅತ್ತಿಗೆ.

ಅವನು ಪೆಚ್ಚಾಗಿ, ಫೋನಿನಿಂದ ನಡೆಸುವ ಇನ್ನೊಂದನ್ನು ತೋರಿಸಿದ. ಅತ್ತಿಗೆಯ ಫೋನು ಬೆರಳಿಟ್ಟಲ್ಲಿ ಇರುವುದನ್ನು ಓದಿ ಹೇಳುತ್ತದೆ. ಈ ಪ್ಲೇಯರಿನ ಆ್ಯಪ್ ಮೇಲೆ ಬೆರಳಾಡಿಸಿದರೆ, "ಬಟನ್. ಬಟನ್. ಬಟನ್." ಯಾವುದು ಯಾತಕ್ಕೆಂದು ಮಾತಿಲ್ಲ.

"ಹೆಸರು ಕೇಳಿದ್ರೆ ಮನೆಮಂದಿಯೆಲ್ಲ 'ಮನುಷ್ಯ, ಮನುಷ್ಯ' ಅಂದ್ರೆ ಯಾರನ್ನ ಮಾತಾಡ್ಸೋದು? ಬೇರೆ ತೆಗಿ."

"ಸಾದಾ ರೇಡಿಯೋ ತಗೊಳ್ಳಿ ಮೇಡಂ, ದೊಡ್ಡ ಗುಂಡಿ ಇರತ್ತೆ."

"ಕಣ್ಣಿಲ್ಲ ಅಂತ ಕಿವೀನೂ ಮಾರಿಕೊಂಡಿದೀನಾ? ತೆಗಿಯಪ್ಪ ಬೇರೆ" ಎಂದು ಕುರ್ಚಿ ಎಳೆದು ಕೂತೇಬಿಟ್ಟರು.

ಅವನು ತೆಗೆಯುತ್ತಾ ಹೋದ. ಅಷ್ಟರಲ್ಲಿ ನನ್ನ ಗಡ್ಡ ಮೊಣಕಾಲು ಮುಟ್ಟಿತ್ತು. ಕೊನೆಗೆ ಕೆಳಗಿನ ಗೂಡಿನಿಂದ ದೂಳು ಹಿಡಿದದ್ದೊಂದು ಬಂತು. ಮುಂದೆ ಸದ್ದು ಏರಿಸಿ ಇಳಿಸಲು ತಿರುಗಿಸುವ ದುಂಡು ಗುಬ್ಬಿ, ಪಕ್ಕಕ್ಕೆ ಉಬ್ಬಿದ ಗುಂಡಿಗಳು, ಆ್ಯಪಿನಲ್ಲಿ ಒಂದೊಂದಕ್ಕೂ ಹೆಸರು. ಅತ್ತಿಗೆ ಒಂದೇ ಹಾಡನ್ನು ಗಾಜಿನದರಲ್ಲೂ ಇದರಲ್ಲೂ ಹಾಕಿಸಿ ಕೇಳಿದರು.

"ಇದರಲ್ಲೂ ಹಾಡೋಳು ಉಸಿರೆಳೆಯೋದು ಕೇಳ್ತು. ಈಗ ನಿಲ್ಲಿಸಿ ನೀವೆಲ್ಲ ಆಚೆ ನಡೀರಿ."

"ನಾನೂನಾ?" ಅಂದ ಅಂಗಡಿಯವನು.

"ನೀನೇ ಮೊದಲು. ಇವರಿದ್ರೆ 'ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ' ಅಂತಾರೆ."

ಅಂಗಡಿಯ ಯಜಮಾನ ತನ್ನದೇ ಅಂಗಡಿಯ ಮೆಟ್ಟಿಲ ಮೇಲೆ ಗಿರಾಕಿಯಂತೆ ನಿಂತ. ಒಳಗೆ ಸದ್ದಿಲ್ಲ. ಅಣ್ಣ ಬಾಗಿಲಿಗೆ ಕೈಹಾಕಿದ. ನಾನು ಅಂಗಿ ಹಿಡಿದೆಳೆದೆ. ಆಗ ಹಾಡು ಶುರುವಾಯಿತು. ನಿಂತಿತು. ಮತ್ತೆ ಮೊದಲಿನಿಂದ ಬಂತು. ಆಮೇಲೆ ಬೇರೊಂದು, ನನಗೂ ಅಣ್ಣನಿಗೂ ಎಂದೂ ಸೇರದ, ಅತ್ತಿಗೆಗೆ ಪ್ರಾಣವಾದ ಹಾಡು.

ಅಂಗಡಿಯವನು ಬಾಗಿಲಲ್ಲಿ ತಲೆ ತೂರಿಸಿದ. "ಆಯ್ತಲ್ಲ ಮೇಡಂ, ಪ್ಯಾಕ್ ಮಾಡ್ಲಾ?"

"ಹಾಡು ಮುಗೀಲಿ" ಎಂದು ಅತ್ತಿಗೆ ಗುಬ್ಬಿ ತಿರುಗಿಸಿ ಸದ್ದು ಇನ್ನಷ್ಟು ಏರಿಸಿದರು.