ಬಾಬಾಲಾಲ ಸುತ್ತಿದ ಕಾಯಿಲ್

ಇವತ್ತು ಬೆಳಿಗ್ಗೆ ರೊಟ್ಟಿಗೆ ಅಗಸಿ ಹಿಂಡಿ ಪುಡಿ ಮಾಡುವಾಗ ನಮ್ಮ ಮನೆಯ ಮಿಕ್ಸರ್ ಸುಟ್ಟುಹೋಯಿತು. ಹೆಂಡತಿ ಓಡಿಹೋಗಿ ಬಟನ್ ಆರಿಸಿದಳು, ಕಿಟಕಿ ತೆರೆದಳು, ಮಿಕ್ಸರಿಗೂ ನನಗೂ ಒಟ್ಟಿಗೇ ಬೈದಳು. ನಾನು ಮಾತ್ರ ಕುರ್ಚಿ ಬಿಟ್ಟು ಏಳದೆ ಆ ವಾಸನೆಯನ್ನು ಮೂಗಿಗೆ ಎಳೆದುಕೊಳ್ಳುತ್ತಿದ್ದೆ. ಸುಟ್ಟ ತಾಮ್ರದ ತಂತಿ ಮತ್ತು ವಾರ್ನಿಷಿನ ಈ ವಾಸನೆ ಬಂದರೆ ನನಗೆ ನೆನಪಾಗುವವನು ಒಬ್ಬನೇ, ನಮ್ಮ ಕೊಣ್ಣೂರಿನಲ್ಲಿ ಮೋಟರ್ ರಿವೈಂಡಿಂಗ್ ಮಾಡುವ ಬಾಬಾಲಾಲ. ನೆನಪಾದೊಡನೆ ಸ್ವಲ್ಪ ನಾಚಿಕೆಯೂ ಆಗುತ್ತದೆ. ಯಾಕೆಂದು ಹೇಳುತ್ತೇನೆ, ಅವಸರ ಮಾಡಬೇಡಿ.

ನನ್ನದು ಹಿಟ್ಟಿನ ಗಿರಣಿ. ಬೆಳಗಿನಿಂದ ಸಂಜೆಯವರೆಗೆ ಗಾಲಿಗೆ ಸುತ್ತಿದ ಪಟ್ಟಾದ ಸದ್ದು, ಬೀಸುವ ಕಲ್ಲಿನ ಸದ್ದು, ಅದರ ಮೇಲೆ ಜೋಳ ತಂದವರ ಮಾತು. ಗಿರಣಿಯಲ್ಲಿ ಯಾರೂ ಮೆಲ್ಲಗೆ ಮಾತನಾಡುವುದಿಲ್ಲ. ಗುಟ್ಟನ್ನೂ ಕೂಗಿಯೇ ಹೇಳುತ್ತಾರೆ, ಹಾಗಾಗಿ ಊರಿನ ಗುಟ್ಟುಗಳೆಲ್ಲ ನನಗೆ ಗೊತ್ತು. ಇಂಥ ಗದ್ದಲದಲ್ಲಿ ಇಪ್ಪತ್ತೆಂಟು ವರ್ಷ ಕಳೆದವನಿಗೆ ಸಂಜೆಯ ಹೊತ್ತು ಒಂದಿಷ್ಟು ಒಳ್ಳೆಯ ಹಾಡು ಕೇಳಬೇಕೆನ್ನಿಸಿದರೆ ತಪ್ಪೇನು ಹೇಳಿ.

ಅಂಗಡಿಯಿಂದ ಒಂದು ಜೋಡಿ ಸ್ಪೀಕರ್ ತಂದಿದ್ದರೆ ಮುಗಿಯುತ್ತಿತ್ತು. ಆದರೆ ಆರು ವರ್ಷದ ಹಿಂದೆ, ಸ್ಪೀಕರನ್ನು ಮನೆಯಲ್ಲೇ ಮಾಡುವವರ ವಿಡಿಯೊಗಳು ನನ್ನ ಮೊಬೈಲಿಗೆ ಬಂದು ಬಿದ್ದವು. ನೋಡುತ್ತ ಕೂತವನಿಗೆ ಎಲ್ಲವೂ ಸುಲಭ. ಒಂದು ವಾರದೊಳಗೆ ಸ್ಪೀಕರ್ ಪೆಟ್ಟಿಗೆಯ ಒಳಗಿನ ಗಾಳಿಯನ್ನು ಲೀಟರಿನಲ್ಲಿ ಅಳೆಯಬೇಕೆಂದು ಕಲಿತೆ. ಅಡುಗೆಮನೆಯ ಡಬ್ಬಿಗಳನ್ನು ನೋಡಿ ಇದು ಎಂಟು ಲೀಟರ್, ಇದು ಹನ್ನೆರಡು ಲೀಟರ್ ಎನ್ನತೊಡಗಿದಾಗ ಹೆಂಡತಿಗೆ ಗಾಬರಿಯಾಯಿತು.

ಪೆಟ್ಟಿಗೆಯಲ್ಲಿ ಕೂರಿಸುವ ವೂಫರ್, ಟ್ವೀಟರ್ ತರಲು ಮೂಡಲಗಿಗೆ ಹೋದೆ. ನಮ್ಮ ಕಡೆ ಕಬ್ಬಿನ ಟ್ರ್ಯಾಕ್ಟರು ಹಾಡಿಲ್ಲದೆ ಮುಂದಕ್ಕೆ ಹೋಗುವುದಿಲ್ಲವಾದ್ದರಿಂದ ಅಂಗಡಿಯವನು ಮೊದಲು ಕೇಳಿದ್ದೇ ಯಾವ ಟ್ರ್ಯಾಕ್ಟರಿಗೆ ಎಂದು. ಮನೆಗೆ ಎಂದೆ. ಅವನು ನನ್ನನ್ನೊಮ್ಮೆ, ವೂಫರನ್ನೊಮ್ಮೆ ನೋಡಿ, ಮನೆ ಎಷ್ಟು ದೊಡ್ಡದಿದೆ ಎಂದು ವಿಚಾರಿಸಿದ. ಗೋಕಾಕದಿಂದ ಪ್ಲೈವುಡ್ ಬಂತು. ಒಳಗೆ ತುಂಬಲು ಉಣ್ಣೆ ಬೇಕಂತೆ. ಹಳೆಯ ಕಂಬಳಿಯೊಂದನ್ನು ಹೆಂಡತಿ ನೋಡದಿರುವಾಗ ಕತ್ತರಿಸಿದೆ. ಪೆಟ್ಟಿಗೆಗಳನ್ನು ನಾನೇ ಕೊಯ್ದು, ಅಂಟು ಹಚ್ಚಿ, ಮೊಳೆ ಹೊಡೆದೆ. ಬಲಗಡೆಯದು ಎಡಗಡೆಯದಕ್ಕಿಂತ ಒಂದು ಬೆರಳು ಎತ್ತರವಾಯಿತು. ಸ್ಟೀರಿಯೊ ಎಂದಮೇಲೆ ಎರಡೂ ಕಡೆ ಸ್ವಲ್ಪ ವ್ಯತ್ಯಾಸ ಇರಬೇಕು ಎಂದು ಹೆಂಡತಿಗೆ ತಿಳಿಸಿ ಹೇಳಿದೆ.

ಇನ್ನು ಉಳಿದದ್ದು ಕಾಯಿಲ್. ದಪ್ಪ ದನಿ ವೂಫರಿಗೆ, ತಾಳ, ಗೆಜ್ಜೆಯಂಥ ಸಣ್ಣ ದನಿ ಟ್ವೀಟರಿಗೆ ಹೋಗುವಂತೆ ಒಳಗೆ ಕೂತು ಪಾಲು ಮಾಡುವುದು ಅದೇ. ತಾಮ್ರದ ತಂತಿಯನ್ನು ಲೆಕ್ಕ ತಪ್ಪದೆ ಸುತ್ತಬೇಕು. ಲೆಕ್ಕ ತಪ್ಪದೆ ಸುತ್ತುವವನು ನಮ್ಮೂರಲ್ಲಿ ಬಾಬಾಲಾಲನಲ್ಲದೆ ಇನ್ಯಾರು? ಅವನು ಸುತ್ತಿದ ಪಂಪಿನ ಮೋಟರ್ ಮತ್ತೆ ಅವನ ಅಂಗಡಿಯ ಮೆಟ್ಟಿಲು ಹತ್ತುವುದು ಅಪರೂಪ. ಎಣಿಸುವಾಗ ಅವನ ತುಟಿ ಮಾತ್ರ ಅಲ್ಲಾಡುತ್ತದೆ. ಯಾರು ಬಂದರೂ ಒಂದು ಬೆರಳು ಎತ್ತುತ್ತಾನೆ. ಸಾಹೇಬರಿರಲಿ, ಅವನ ಹೆಂಡತಿಯೇ ಇರಲಿ, ಆ ಬೆರಳು ಇಳಿಯುವವರೆಗೆ ಬಾಗಿಲಲ್ಲಿ ನಿಲ್ಲಬೇಕು. ನನ್ನ ಚೀಟಿ ಓದಿ, ಇದು ಎಷ್ಟು ಎಚ್.ಪಿ.ದು ಎಂದು ಕೇಳಿದ. ಹಾಡು ಕೇಳುವುದಕ್ಕೆ ಎಂದೆ. ಅದಕ್ಕೆ ಇಷ್ಟು ತಾಮ್ರವೇ ಎಂದು ನಕ್ಕು, ಎರಡೇ ದಿನದಲ್ಲಿ ಸುತ್ತಿ, ವಾರ್ನಿಷ್ ಹಾಕಿ, ತಾನೇ ಮನೆಗೆ ತಂದು ಜೋಡಿಸಿದ.

ನಮ್ಮ ಓಣಿಯ ಭಜನಾ ಮೇಳದವರ ಹಾಡು ನನ್ನ ಬಳಿ ಇತ್ತು. ಅದನ್ನೇ ಹಚ್ಚಿದೆ. ತಬಲಾದ ಡಗ್ಗಾ ಎದೆಗೆ ಬಡಿಯುವಂತೆ ಬಂತು, ಹಾರ್ಮೋನಿಯಂ ಪೇಟಿ ಬಂತು, ಆದರೆ ಹಿತ್ತಾಳೆಯ ತಾಳ ಮಾತ್ರ ಮಣ್ಣಿನಿಂದ ಮಾಡಿದಂತೆ ಕೇಳಿಸಿತು. ಟ್ವೀಟರ್ ಬದಲಿಸಿದೆ. ಅದೇ ಮಣ್ಣು. ಹಾಗಾದರೆ ತಪ್ಪು ಕಾಯಿಲಿನದು ಎಂದು ತೀರ್ಪು ಕೊಟ್ಟೆ. ಬಾಬಾಲಾಲ ಅದನ್ನು ಬಿಚ್ಚಿಕೊಂಡು ಹೋಗಿ ಮತ್ತೆ ಸುತ್ತಿ ತಂದ. ಅದೂ ಸರಿಬರಲಿಲ್ಲ. ಮೂರನೆಯ ಸಲ ತಂದಾಗ ಅವನು ನನ್ನ ಹಿಂದೆ ಬಹಳ ಹೊತ್ತು ಸುಮ್ಮನೆ ನಿಂತಿದ್ದ. ಆಮೇಲೆ ಮುಂದೆ ಬಂದು ಕೂತು, “ಅಣ್ಣಾರ, ತಪ್ಪು ನಂದ ಐತ್ರಿ. ಎಣಸುವಾಗ ತಪ್ಪೇನಿ” ಎಂದ. ಪೆಟ್ಟಿಗೆ ಬಿಚ್ಚಿ, ಟ್ವೀಟರಿನ ದನಿ ತಗ್ಗಿಸಲೆಂದು ಹಾಕಿದ್ದ ರೆಸಿಸ್ಟರನ್ನು ತೆಗೆದುಹಾಕಿದ. ತಾಳ ಸ್ವಲ್ಪ ತಾಳದಂತಾಯಿತು. ಈಗ ಬಂತು ನೋಡು ದಾರಿಗೆ ಎಂದು ನಾನು ಅವನ ಬೆನ್ನು ತಟ್ಟಿದೆ.

ಅಷ್ಟಕ್ಕೆ ಸುಮ್ಮನಿದ್ದರೆ ನಾನು ಗಿರಣಿಯವನು ಹೇಗಾದೇನು? ಲೆಕ್ಕದ ಬಾಬಾಲಾಲನೇ ಲೆಕ್ಕ ತಪ್ಪಿದ, ನಾನು ಕಿವಿಯಿಂದಲೇ ಹಿಡಿದೆ ಎಂದು ಜೋಳ ತಂದವರಿಗೆಲ್ಲ ಕೂಗಿ ಹೇಳಿದೆ. ಎಲ್ಲರೂ ನಕ್ಕರು. ಅವರಲ್ಲಿ ತುಕ್ಕಾನಟ್ಟಿಯ ಒಬ್ಬ ದೊಡ್ಡ ಕಮತದವರೂ ಇದ್ದರು. ಮುಂದಿನ ಬೇಸಿಗೆಯಿಂದ ಅವರ ಪಂಪಿನ ಮೋಟರುಗಳು ಬಾಬಾಲಾಲನ ಬಳಿ ಬರದೆ ಗೋಕಾಕಕ್ಕೆ ಹೋಗತೊಡಗಿದವು. ನಾನು ಅದನ್ನು ನೋಡಿದೆ, ಯಾಕೆಂದು ಯೋಚಿಸಲಿಲ್ಲ. ದಿನಾ ಸಂಜೆ ಸ್ಪೀಕರಿನ ಮುಂದೆ ಕೂತು ತಲೆದೂಗುವುದರಲ್ಲಿದ್ದೆ. ನಾನು ಹಾಡು ಹಚ್ಚಿದೊಡನೆ ಮನೆಯವರೆಲ್ಲ ಗಾಳಿಗೆಂದು ಹೊರಗಿನ ಕಟ್ಟೆಗೆ ಹೋಗುತ್ತಿದ್ದರು. ನಮ್ಮ ಮನೆಯವರಿಗೆ ಸಂಗೀತದ ಅಭಿರುಚಿ ಕಡಿಮೆ ಎಂದು ನನಗೆ ಬೇಸರವಾಗುತ್ತಿತ್ತು.

ಹೀಗೆ ಐದು ವರ್ಷ ಕಳೆಯಿತು. ಈ ನಡುವೆ ಹೆಂಡತಿಯ ಗಂಟಲು ಕೆಟ್ಟಿದೆಯೆಂಬ ಅನುಮಾನ ನನಗೆ ಬರತೊಡಗಿತ್ತು. ಅವಳು ಏನು ಹೇಳಿದರೂ ಬಾಯಲ್ಲಿ ಅರಿವೆ ಇಟ್ಟುಕೊಂಡಂತೆ ಕೇಳಿಸುತ್ತಿತ್ತು. ಕಳೆದ ಚಳಿಗಾಲ ಅವಳನ್ನು ಹುಕ್ಕೇರಿಯ ಕಿವಿ ಮೂಗು ಗಂಟಲಿನ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಅವರು ಅವಳ ಗಂಟಲು ನೋಡಿದರು, ಅವಳೊಡನೆ ಎರಡು ಮಾತಾಡಿದರು, ಆಮೇಲೆ ನನ್ನನ್ನು ಒಂದು ಸಣ್ಣ ಕೋಣೆಯಲ್ಲಿ ಕೂರಿಸಿ ಕಿವಿಗೆ ಯಂತ್ರ ಹಾಕಿದರು. ಸದ್ದು ಕೇಳಿದಾಗ ಗುಂಡಿ ಒತ್ತಬೇಕಂತೆ. ಬಹಳ ಹೊತ್ತು ಏನೂ ಕೇಳದ್ದರಿಂದ ಯಂತ್ರ ಕೆಟ್ಟಿದೆ ಎಂದು ನಾನೇ ಅವರಿಗೆ ಹೇಳಿದೆ. ಡಾಕ್ಟರು ಒಂದು ಕಾಗದ ತೋರಿಸಿದರು. ಗೆರೆ ಸ್ವಲ್ಪ ದೂರ ನೆಟ್ಟಗೆ ಹೋಗಿ, ತಾಳದಂಥ ಸಣ್ಣ ದನಿಗಳು ಶುರುವಾಗುವಲ್ಲಿ ಧುಮುಕಿತ್ತು. ಗೋಕಾಕ ಫಾಲ್ಸಿನ ಕಡೆಯವನಿಗೆ ಧುಮುಕುವುದೆಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಗಿರಣಿಯ ಗದ್ದಲದಲ್ಲಿ ವರ್ಷಗಟ್ಟಲೆ ನಿಂತವರಿಗೆ ಹೀಗಾಗುತ್ತದೆ ಎಂದರು.

ಬಸ್ಸಿನಲ್ಲಿ ಕೂತ ಮೇಲೆ ನನಗೆ ಟ್ವೀಟರ್ ನೆನಪಾಯಿತು. ಹೆಂಡತಿಯ ಮುಖ ನೋಡಿದೆ. ಅವಳು ನನ್ನ ಕಿವಿಯ ಹತ್ತಿರ ಬಾಗಿ ಹೇಳಿದಳು: “ಬಾಬಾಲಾಲಗ ಅವತ್ತ ಗೊತ್ತಾಗಿತ್ತು. ನಿಮ್ಮ ಬೆನ್ನ ಹಿಂದ ನಿಂತು ಕೀಲಿಕೈ ಅಲ್ಲಾಡಿಸಿ ನೋಡಿದಾ. ನೀವು ಹೊಳ್ಳಿ ನೋಡಲಿಲ್ಲ. ನನಗ ‘ವೈನಿ, ಅಣ್ಣಾಗ ಹೇಳಬ್ಯಾಡ್ರಿ’ ಅಂದು ಹೋದಾ.”

ಕಿವಿ ಹೋದದ್ದಕ್ಕೆ ನನಗೆ ಅಷ್ಟು ದುಃಖವಾಗಲಿಲ್ಲ. ಎಣಿಕೆಯಿಂದಲೇ ಅನ್ನ ತಿನ್ನುವ ಮನುಷ್ಯ ನನಗಾಗಿ ಎಣಿಕೆ ತಪ್ಪಿದೆ ಎಂದು ಸುಳ್ಳು ಹೇಳಿದ್ದ. ನಾನು ಆ ಸುಳ್ಳನ್ನು ಊರ ತುಂಬ ಹಂಚಿದ್ದೆ.

ಮರುದಿನ ಅವನ ಅಂಗಡಿಗೆ ಹೋದೆ. ನಾಲ್ಕೈದು ರೈತರು ಕೂತಿದ್ದರು. ಅವನು ಸುತ್ತುತ್ತಿದ್ದ, ಬೆರಳು ಎತ್ತಿದ. ಈ ಸಲ ನಾನು ಕಾಯಲಿಲ್ಲ. “ಬಾಬಾಲಾಲನ ಕಾಯಿಲ್ ತಪ್ಪಿದ್ದಿಲ್ಲ, ನನ್ನ ಕಿವಿ ಹೋಗಿದ್ವು. ಸುಮ್ಮಸುಮ್ಮನ ಅವನ ಹೆಸರ ಕೆಡಿಸಿದಾಂವಾ ನಾನ” ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಎತ್ತಿದ ಬೆರಳು ಹಾಗೇ ನಿಂತಿತ್ತು. ಆಮೇಲೆ ಮೆಲ್ಲಗೆ ಇಳಿಯಿತು. “ಎಷ್ಟಕ್ಕ ಬಂದಿದ್ನಿ ಮರತೇನ್ರಿ” ಎಂದ. “ಈ ಸಲ ಖರೇನ ತಪ್ಪಿತು.” ಸುತ್ತಿದ್ದನ್ನೆಲ್ಲ ಬಿಚ್ಚತೊಡಗಿದ. ಆಗಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ತಲೆ ಎತ್ತದೆ ಹೇಳಿದ: “ಹೇಳಿದ್ರ ನೀವು ಆ ಪೆಟಗಿ ಮುಚ್ಚಿ ಇಟ್ಟಬಿಡ್ತಿದ್ರಿ. ಅಷ್ಟ ಆಸೆದಿಂದ ಮಾಡಿದ್ರಿ.”

ಡಾಕ್ಟರು ಹೇಳಿದ್ದ ಕಿವಿಯ ಮಷೀನು ಬಂದ ದಿನ ಹಾಡು ಹಚ್ಚಿ, ಒಂದು ನಿಮಿಷವೂ ತಡೆಯಲಾರದೆ ಬಂದ್ ಮಾಡಿದೆ. ಐದು ವರ್ಷ ಮನೆಯವರ ಕಿವಿಗೆ ನಾನು ಸೂಜಿ ಚುಚ್ಚುತ್ತಿದ್ದೆ. ಬಾಬಾಲಾಲ ಬಂದು ಮೊದಲಿನ ರೆಸಿಸ್ಟರನ್ನು ಮತ್ತೆ ಕೂರಿಸಿದ. ಕಾಯಿಲ್ ಮುಟ್ಟಲಿಲ್ಲ, ಮುಟ್ಟುವ ಅಗತ್ಯವೇ ಇರಲಿಲ್ಲ. ತಾಳ ಹಿತ್ತಾಳೆಯದೇ ಆಗಿತ್ತು. ನನಗೆ ಕಣ್ಣು ತುಂಬಿ ಬಂತು. ಹೆಂಡತಿ ಮೆಂತೆಸೊಪ್ಪಿನ ಬುಟ್ಟಿ ತಂದು ಒಳಗೇ ಕೂತು ಸೋಸತೊಡಗಿದಳು.

ಈಗ ಗಿರಣಿಗೆ ಹೊಸಬರು ಬಂದರೆ ಪಟ್ಟಾ ನಿಲ್ಲಿಸಿ, ಕಲ್ಲು ನಿಂತ ಮೇಲೆ, ಬಾಬಾಲಾಲನ ಕಾಯಿಲಿನ ಸಂಗತಿ ಹೇಳುತ್ತೇನೆ. ಗದ್ದಲದಲ್ಲಿ ಹೇಳಿದ್ದು ಬೇಗ ಹರಡಿತ್ತು, ನಿಲ್ಲಿಸಿ ಹೇಳಿದ್ದು ಅಷ್ಟು ದೂರ ಹೋಗುತ್ತಿಲ್ಲ. ತುಕ್ಕಾನಟ್ಟಿಯವರ ಮೋಟರುಗಳು ಇನ್ನೂ ಗೋಕಾಕಕ್ಕೇ ಹೋಗುತ್ತಿವೆ. ಇವತ್ತು ಮಿಕ್ಸರಿನ ಆ ಹಾಳು ವಾಸನೆ ಬಂದಾಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ನಾಳೆ ಗಿರಣಿ ಬಂದ್. ಬೆಳಿಗ್ಗೆ ಮೊದಲ ಬಸ್ಸಿಗೆ ತುಕ್ಕಾನಟ್ಟಿಗೆ ಹೋಗಿ, ಆ ಕಮತದವರ ಮುಂದೆ ಕೂತು, ಮೆಲ್ಲಗೆ, ಮೊದಲಿನಿಂದ ಎಲ್ಲವನ್ನೂ ಹೇಳಿ ಬರುತ್ತೇನೆ.