ಒಂದೂವರೆ ಇಂಚಿನ ಸುಳ್ಳು

ಹನುಮಂತಾ, ಆ ಸ್ಪ್ರಿಂಗ್ ಪಟ್ಟಿಗಳು ಆ ಕಾರಿಗೆ ಹೊಂದುವುದಿಲ್ಲವೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೊಂದುತ್ತವೆ ಎಂದೆ. ಹನ್ನೊಂದು ವರ್ಷದ ಹಿಂದೆ ನಿನ್ನ ಬಲಗೈ ಹೋದದ್ದು ನನ್ನ ಆ ಮಾತಿನಿಂದ — ನಿನ್ನ ತಪ್ಪಿನಿಂದಲ್ಲ.

ಹೊಟ್ಟೆಕಿಚ್ಚು. ಬೇರೆ ಹೆಸರಿಲ್ಲ ಅದಕ್ಕೆ. ಗಂಗಾವತಿಯ ನಮ್ಮ ಉಸ್ತಾದರ ಗ್ಯಾರೇಜಿಗೆ ನಾನು ನಿನಗಿಂತ ನಾಲ್ಕು ವರ್ಷ ಮೊದಲು ಸೇರಿದವನು. ನೀನು ಬಂದ ಎರಡನೇ ವರ್ಷಕ್ಕೇ ಗಿರಾಕಿಗಳ ಎದುರು ಅವರು, "ಶೇಖರಾ, ಹನುಮಂತನ್ನ ಕೇಳು, ಅಂವಗ ತಿಳೀತೈತಿ" ಎನ್ನತೊಡಗಿದರು. ನಿಜವಾಗಿಯೂ ನಿನಗೆ ತಿಳಿಯುತ್ತಿತ್ತು — ಅದನ್ನೇ ನನಗೆ ಸಹಿಸಲಾಗಲಿಲ್ಲ. ಅವರು ತೀರಿಕೊಂಡ ಮೇಲೆ ಇಬ್ಬರೂ ಒಂದೇ ರಸ್ತೆಯಲ್ಲಿ ಬೇರೆ ಬೇರೆ ಗ್ಯಾರೇಜು ಹಾಕಿದೆವು. ಹಳೇ ಕಾರುಗಳೆಲ್ಲ ನನ್ನ ಬಾಗಿಲು ದಾಟಿ ನಿನ್ನ ಬಾಗಿಲಿಗೆ ಹೋಗುತ್ತಿದ್ದವು. ನಾನು ಕೈ ಒರೆಸಿಕೊಳ್ಳುತ್ತ ನೋಡುತ್ತಿದ್ದೆ.

ಕಾರಟಗಿಯ ರೈಸ್ ಮಿಲ್ಲಿನ ಸಾಹುಕಾರರು ತಮ್ಮ ಅಜ್ಜನ ಕಾಲದ ಕಾರನ್ನೂ ನಿನಗೇ ಒಪ್ಪಿಸಿದರು. ಅದರ ಹಿಂಗಾಲಿಯ ಸ್ಪ್ರಿಂಗ್ ಪಟ್ಟಿಗಳು ತುಂಡಾಗಿದ್ದವು. ಅರ್ಧ ತುಂಡುಗಳು ಕಳೆದೇ ಹೋಗಿದ್ದರಿಂದ ಅಳತೆ ಹಿಡಿಯಲೂ ಬರುವಂತಿರಲಿಲ್ಲ. ನೀನು ಕೊಪ್ಪಳದ ಗುಜರಿಯಲ್ಲಿ ಅದೇ ಕಂಪನಿಯ, ಆಮೇಲೆ ಬಂದ ಮಾಡೆಲ್ಲಿನ ಜೋಡಿ ಹುಡುಕಿದೆ. ಉಸ್ತಾದರಲ್ಲಿಗೆ ಬರುವ ಮೊದಲು ಕುಷ್ಟಗಿಯಲ್ಲಿದ್ದಾಗ ನಾನು ಎರಡೂ ಮಾಡೆಲ್ಲಿನ ಕೆಲಸ ಮಾಡಿದ್ದೆನಲ್ಲ, ಅದಕ್ಕೇ ನೀನು ಒಂದು ಪಟ್ಟಿಯನ್ನು ಹೆಗಲ ಮೇಲೆ ಹೊತ್ತು ನನ್ನ ಹತ್ತಿರ ಬಂದೆ.

"ಅಣ್ಣಾ, ಇದು ಆ ಗಾಡಿಗೆ ಕುಂದ್ರತೈತೇನು? ನೀ ಹೇಳಿದ್ರ ಹಾಕ್ತೀನಿ."

ಉದ್ದ ಒಂದೇ, ಅಗಲ ಒಂದೇ. ಆದರೆ ಆಕ್ಸಲ್ ಕೂರುವ ನಡುವಿನ ತೂತು ಒಂದೂವರೆ ಇಂಚು ಹಿಂದಿತ್ತು. ಕುಷ್ಟಗಿಯಲ್ಲಿ ನಾನೇ ಅಳೆದು ನೋಡಿದ್ದವನು. ಆದರೂ ಹೇಳಿದೆ —

"ಕುಂದ್ರತೈತಿ. ಕಣ್ಣು ಮುಚ್ಚಿ ಹಾಕು."

ಹಾಕಿದ ಮೇಲೆ ನೀನು ಮತ್ತೆ ಬಂದೆ. "ಅಣ್ಣಾ, ಗಾಲಿ ಒಂದೀಟು ಹಿಂದ ಸರದಂಗ ಕಾಣತೈತಲ್ಲ?" ಆಗಲಾದರೂ ಬಾಯಿ ಬಿಡಬಹುದಿತ್ತು. "ಹಳೇ ಗಾಡಿ ಹಂಗ ಇರ್ತಾವ" ಎಂದುಬಿಟ್ಟೆ. ಗಾಲಿ ಮಡ್‌ಗಾರ್ಡಿಗೆ ಉಜ್ಜುತ್ತದೆ, ಸಾಹುಕಾರರು ಬೈಯುತ್ತಾರೆ, ಒಂದು ಸಲ ನಿನ್ನ ಮುಖ ಸಣ್ಣದಾಗುತ್ತದೆ — ನನಗೆ ಬೇಕಾಗಿದ್ದದ್ದು ಅಷ್ಟೇ. ಅಷ್ಟೇ ಇತ್ತೇ? ಇವತ್ತಿಗೂ ಖಚಿತವಾಗಿ ಹೇಳಲಾರೆ.

ಸಾಹುಕಾರರನ್ನು ಕೂರಿಸಿಕೊಂಡು ನೀನು ಕಾರು ಓಡಿಸಿ ನೋಡಲು ಹೊರಟ ದಿನ, ಹೇಮಗುಡ್ಡದ ಏರಿನಲ್ಲಿ, ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್ಲಿಗೆ ಹೋಗುವ ಶಾಫ್ಟು ಕಳಚಿ ಬಿತ್ತು. ಆಕ್ಸಲ್ ಹಿಂದೆ ಸರಿದಿದ್ದರಿಂದ ಅದು ತುದಿಯಲ್ಲಷ್ಟೇ ಹಿಡಿದುಕೊಂಡಿತ್ತು. ಬಿದ್ದದ್ದು ಬ್ರೇಕಿನ ಪೈಪನ್ನೂ ಹರಿದುಹಾಕಿತು. ಕಾರು ಹಿಂದಕ್ಕೆ ಉರುಳಿತು. ಸಾಹುಕಾರರು ಜಿಗಿದರು, ನೀನು ಜಿಗಿಯಲಿಲ್ಲ. ಹಿಂದೆ ಗುಡಿಗೆ ನಡೆದು ಬರುತ್ತಿದ್ದ ಹೆಂಗಸರನ್ನು ತಪ್ಪಿಸಿ ಕಾರನ್ನು ಬಂಡೆಗೆ ಹೊಡೆಸಿದೆ. ಬಾಗಿಲಿಗೂ ಬಂಡೆಗೂ ನಡುವೆ ನಿನ್ನ ಬಲಗೈ ಸಿಕ್ಕಿ ಜಜ್ಜಿಹೋಯಿತು.

ಆಸ್ಪತ್ರೆಯಲ್ಲಿ ಸಾಹುಕಾರರು ನನ್ನೆದುರಿಗೇ ಕೇಳಿದರು: "ಯಾರು ಹೇಳಿದ್ರಪಾ ಆ ಪಟ್ಟಿ ಹಾಕಂತ?"

"ಯಾರೂ ಇಲ್ರಿ. ನಂದ ಅಳತಿ ತಪ್ಪಿತು" ಎಂದೆ ನೀನು. ಆಮೇಲೆ ನನ್ನ ಕಡೆ ನೋಡಿದೆ — ನಾನೂ ಪಾಪ ತಿಳಿಯದೆ ಹೇಳಿದ್ದೆ ಎನ್ನುವಂತೆ. ಆ ಗಳಿಗೆಯಲ್ಲೂ ನನಗೆ ಹೊಟ್ಟೆ ಉರಿಯಿತು, ಹನುಮಂತಾ. ಇಷ್ಟು ದೊಡ್ಡವನಾಗಲು ಇವನಿಂದ ಹೇಗೆ ಸಾಧ್ಯ ಎಂದು.

ಬಲಗೈ ಪಾನಾ, ಸುತ್ತಿಗೆ ಹಿಡಿಯದಾಯಿತು. ನೀನು ಗ್ಯಾರೇಜು ಮುಚ್ಚಿ ತಾವರಗೇರಾದಲ್ಲಿ ಟಯರಿನ ಅಂಗಡಿ ಇಟ್ಟೆ. ನಿನ್ನ ಗಿರಾಕಿಗಳು ನನ್ನಲ್ಲಿಗೆ ಬಂದರು. ಒಬ್ಬರನ್ನೂ ಬೇಡವೆನ್ನಲಿಲ್ಲ ನಾನು.

ಹೋದ ತಿಂಗಳು ನಿನ್ನ ಅಂಗಡಿಯ ತನಕ ಬಂದಿದ್ದೆ. ಯಾರೋ ಟ್ರ್ಯಾಕ್ಟರ್ ನಿಲ್ಲಿಸಿದರು. ಕೂತಲ್ಲಿಂದಲೇ ಸಪ್ಪಳ ಕೇಳಿ, "ಎರಡನೇ ಇಂಜೆಕ್ಟರ್ ನೋಡಿಸ್ರಿ" ಎಂದೆ ನೀನು. ಮತ್ತೆ ಉರಿಯಿತು ನನಗೆ. ನಿನ್ನನ್ನು ಮಾತಾಡಿಸದೆ ಊರಿಗೆ ತಿರುಗಿದೆ.

ಒಳ್ಳೆಯವನಾಗಿದ್ದೇನೆ ಎಂದು ಹೇಳಲು ಬರೆಯುತ್ತಿಲ್ಲ. ಆಗಿಲ್ಲ. ನಾಳೆ ಬೆಳಗಿನ ಬಸ್ಸಿಗೆ ಬಂದು ಈ ಕಾಗದವನ್ನು ನಿನ್ನ ಕೈಗೇ ಕೊಡುತ್ತೇನೆ. ನೀನು ಓದಿ ಮುಗಿಸುವ ತನಕ ಎದುರಿಗೇ ನಿಂತಿರುತ್ತೇನೆ.